ಇನ್ ಆನ್ ಆ್ಯಟ್ ಆಮೇಲೆ, ಮೊದ್ಲು ಬೈ ಮತ್ತೆ ಅನ್‌ಟಿಲ್ ನೋಡಿ

ಹಾಸನದಲ್ಲಿ ನಾನು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮಾಡ್ತೀನಿ, ಬಿ.ಎಂ. ರೋಡ್ ಹತ್ರ ಒಂದು ಜೆರಾಕ್ಸ್ ಅಂಗಡಿ ಮೇಲ್ಗಡೆ ರೂಮಲ್ಲಿ. ಸೇರೋರು ಎಲ್ಲಾ ಥರದೋರೂ ಇರ್ತಾರೆ, ಡಿಗ್ರಿ ಹುಡುಗ್ರು, ನರ್ಸಿಂಗ್ ಮುಗಿಸಿರೋ ಹುಡುಗೀರು, ರಿಟೈರ್ ಆಗಿ ಮಗನ ಮನೆಗೆ ಅಂತ ಅಮೆರಿಕಾಗೆ ಹೊರಟಿರೋ ಮೇಷ್ಟ್ರು. ಎಲ್ರೂ ಮೊದಲ ದಿನ ಕೇಳೋದು ಮಾತ್ರ ಒಂದೇ. "ಸರ್, ಈ ಇನ್ನು ಆನು ಆ್ಯಟು ಯಾವಾಗ ಯಾವ್ದು ಹಾಕ್ಬೇಕು ಅಂತ ಒಂದು ಲಿಸ್ಟ್ ಕೊಟ್ಬಿಡಿ, ಬಾಯಿಪಾಠ ಮಾಡ್ಕೋತೀವಿ." ತಮಾಷೆ ಏನಂದ್ರೆ ಆ ಲಿಸ್ಟ್ ಅವರಿಗೆಲ್ಲ ಆಗ್ಲೇ ಬರುತ್ತೆ. ತಿಂಗಳಿಗೆ ವರ್ಷಕ್ಕೆ ಇನ್, ವಾರಕ್ಕೆ ತಾರೀಕಿಗೆ ಆನ್, ಗಂಟೆಗೆ ಆ್ಯಟ್. ಹೈಸ್ಕೂಲಲ್ಲೇ ಕಲ್ತಿರ್ತಾರೆ, ಎಕ್ಸಾಮಲ್ಲಿ ಬಿಟ್ಟ ಸ್ಥಳ ತುಂಬಿ ಮಾರ್ಕ್ಸೂ ತಗೊಂಡಿರ್ತಾರೆ.

ನಂಗೆ ಅನ್ಸೋದು ಏನಂದ್ರೆ, ಈ ಮೂರರ ಬಗ್ಗೆ ನಾವು ಪಡೋ ಭಯ ಜಾಸ್ತಿ ಆಯ್ತು. ಯಾರೋ "ಐ ವಿಲ್ ಕಮ್ ಇನ್ ಮಂಡೇ" ಅಂದ್ರು ಅಂತಿಟ್ಕೊಳಿ, ಕೇಳಿದವನಿಗೆ ಸೋಮವಾರ ಅಂತ ಗೊತ್ತಾಗೇ ಆಗುತ್ತೆ, ಬಾಗಿಲು ತೆಗೆದೇ ಇಟ್ಟಿರ್ತಾನೆ. ನಿಜವಾಗ್ಲೂ ಕೆಲಸ ಕೆಡಿಸೋವು ಬೇರೆ ಇವೆ, ಅವುಗಳ ಬಗ್ಗೆ ಗೈಡಲ್ಲಿ ಎರಡು ಸಾಲೂ ಇರಲ್ಲ. ಅವು ಎಲ್ಲಿ ಬರುತ್ವೆ ಅಂತ ಹುಡುಕಕ್ಕೆ ಇಂಗ್ಲಿಷ್ ಗ್ರಾಮರ್ ನೋಡೋ ಬದಲು ನಮ್ಮ ಕನ್ನಡ ನೋಡಿದ್ರೆ ಬೇಗ ಸಿಗುತ್ತೆ. ನಮ್ಮದೊಂದು 'ಅಲ್ಲಿ', ಒಂದು 'ಇಂದ', ಒಂದು 'ಒಳಗೆ', ಒಂದು 'ಎದುರು' ಎರಡೆರಡು ಮೂರ್ಮೂರು ಕೆಲಸ ಒಟ್ಟಿಗೆ ಮಾಡ್ತಿರುತ್ತಲ್ಲ, ಕಾಲು ಜಾರೋದು ಅಲ್ಲೇ. ಬೇರೆ ಕಡೆ ಜಾರಿದ್ರೂ ಪೆಟ್ಟಾಗಲ್ಲ.

ಮೂಡಿಗೆರೆ ಕಡೆ ನಮ್ಮ ದೊಡ್ಡಮ್ಮನ ಮಗಳು ಇದಾಳೆ, ಅಕ್ಕ ಭಾವ ಇಬ್ರೂ ತೋಟದ ಜೊತೆಗೆ ಒಂದು ಸಣ್ಣ ಹೋಂಸ್ಟೇ ನಡೆಸ್ತಾರೆ. ಬುಕ್ ಮಾಡಿದ ಗೆಸ್ಟ್‌ಗೆ ಇಂಗ್ಲಿಷಲ್ಲಿ ವಾಟ್ಸಾಪ್ ಮೆಸೇಜ್ ಹಾಕೋದು ಅಕ್ಕನ ಡಿಪಾರ್ಟ್‌ಮೆಂಟು. ಅದರಲ್ಲಿ ಒಂದು ಸಾಲು "ಬ್ರೇಕ್‌ಫಾಸ್ಟ್ ಬೈ ಟೆನ್" ಅಂತಿತ್ತು. ಅಕ್ಕನ ತಲೇಲಿ ಇದ್ದಿದ್ದು, ಹತ್ತು ಗಂಟೆಯೊಳಗೆ ಬಂದು ತಿಂದುಬಿಡಿ ಅಂತ. ಪುಣೆ ಕಡೆಯವ್ರು ಒಂದು ಫ್ಯಾಮಿಲಿ ಬಂದಿದ್ರು, ರಜ ಹಾಕಿ ಬಂದಿರೋ ಜನ, ನಿಧಾನಕ್ಕೆ ಎದ್ದು ಸ್ನಾನ ಮಾಡಿ ಹತ್ತೂ ಕಾಲಿಗೆ ಊಟದ ಹಾಲಿಗೆ ಬಂದ್ರೆ ಅಲ್ಲಿ ಕಡುಬಿನ ಪಾತ್ರೆ ತೊಳೆದು ಬೋರಲು ಹಾಕಿ ಆಗಿದೆ, ಕೆಲಸದವಳು ತೋಟಕ್ಕೆ ಹೊರಟಿದಾಳೆ. ಅಕ್ಕ ಮೆಸೇಜ್ ತೋರಿಸಿದ್ಲಂತೆ, ನೋಡಿ ಹತ್ತು ಅಂತ ಹಾಕಿದೀನಿ ಅಂತ. ಅವರೂ ಅದೇ ಮೆಸೇಜ್ ತೋರಿಸಿದ್ರಂತೆ, ಹತ್ತಕ್ಕೆ ರೆಡಿ ಇರುತ್ತೆ ಅಂದಿದೀರ, ನಿಮಗೆ ಅರ್ಜೆಂಟ್ ಆಗ್ಬಾರ್ದು ಅಂತ ನಾವೇ ಹದಿನೈದು ನಿಮಿಷ ಲೇಟಾಗಿ ಬಂದ್ವಿ ಅಂತ! ಅಕ್ಕ ನಂಗೆ ಫೋನ್ ಮಾಡಿ "ನೀನೇ ಹೇಳೋ, ತಪ್ಪು ಯಾರ್ದು" ಅಂದ್ಲು. ಗೆಸ್ಟ್ ಹೇಳಿದ್ದೇ ಸರಿ ಕಣೆ ಅಂದೆ, ಅದಕ್ಕೆ ಒಂದು ಸುತ್ತು ಬೈಸ್ಕೊಂಡೆ.

ಬೈ ಅಂದ್ರೆ ಒಂದು ಗಡುವು. ಆ ಹೊತ್ತು ಮೀರೋಕೆ ಮುಂಚೆ ಯಾವಾಗಾದ್ರೂ ಒಂದ್ಸಲ ಆಗಿ ಮುಗಿಯೋ ಕೆಲಸಕ್ಕೆ ಅದನ್ನ ಹಾಕ್ತಾರೆ. ಶುಕ್ರವಾರದೊಳಗೆ ಫೀಸ್ ಕಟ್ಟಿ, ಸಂಜೆಯೊಳಗೆ ಕರೆಂಟ್ ಬರುತ್ತೆ, ಹತ್ತರೊಳಗೆ ತಿಂಡಿ ರೆಡಿ ಆಗುತ್ತೆ, ಎಲ್ಲಾ ಬೈ. ಅನ್‌ಟಿಲ್ ಅಂದ್ರೆ ಆಗ್ತಾನೇ ಇರೋದು, ಆ ಹೊತ್ತಿಗೆ ನಿಲ್ಲೋದು. ತಿಂಡಿ ಹತ್ತರ ತನಕ ಸಿಗುತ್ತೆ, ಐದರ ತನಕ ಕೌಂಟರ್ ತೆಗೆದಿರುತ್ತೆ, ಭಾನುವಾರದ ತನಕ ಅಲ್ಲೇ ಇರ್ತೀವಿ. ಕನ್ನಡದಲ್ಲಿ ಒಳಗೆ ಮತ್ತೆ ತನಕ ಅಂತ ಎರಡು ಬೇರೆ ಬೇರೆ ಇದಾವಲ್ಲ, ಇದರಲ್ಲಿ ಕನ್ಫ್ಯೂಸ್ ಆಗೋದು ಏನಿದೆ ಅನ್ನಿಸಬಹುದು. ಆದ್ರೆ ಅಕ್ಕನ ವಾಕ್ಯ ನೋಡಿ, "ಹತ್ತರೊಳಗೆ ತಿಂಡಿ" ಅಂತ ಕನ್ನಡದಲ್ಲಿ ಅಂದ್ರೆ ತಿನ್ನೋರು ಹತ್ತರೊಳಗೆ ಬರ್ಬೇಕೋ ಮಾಡೋರು ಹತ್ತರೊಳಗೆ ಮಾಡ್ಬೇಕೋ ಅದನ್ನ ಮನೆಯವರು ಹೇಳೋ ದನಿಯಲ್ಲೇ ನಾವು ತಿಳ್ಕೋತೀವಿ, ವಾಟ್ಸಾಪಲ್ಲಿ ದನಿ ಎಲ್ಲಿಂದ ಬರ್ಬೇಕು. ಕೊನೆಗೆ ನಾನು ಬೈ ಅನ್ನೂ ಬೇಡ ಅನ್‌ಟಿಲ್ಲೂ ಬೇಡ ಅಂತ "ಫ್ರಮ್ ಏಯ್ಟ್ ಟು ಟೆನ್" ಅಂತ ಹಾಕಿಸ್ದೆ. ಅದೇ ಬ್ರೇಕ್‌ಫಾಸ್ಟನ್ನ ಬಿಟ್ವೀನ್ ಇಟ್ಕೊಂಡು ಹೇಳೋದಾದ್ರೆ "ಬಿಟ್ವೀನ್ ಏಯ್ಟ್ ಆ್ಯಂಡ್ ಟೆನ್". ಬಿಟ್ವೀನ್ ಜೊತೆ ಟು ಬರಲ್ಲ, ನಮ್ಮ ಕಡೆ ಹತ್ತು ಬೋರ್ಡಲ್ಲಿ ಒಂಬತ್ತು ಹಂಗೇ ಇರುತ್ತೆ ಬಿಡಿ.

ಚೆಕ್‌ಔಟಿಗೆ ಮಾತ್ರ ಬೈ ಸರಿ. "ಚೆಕ್‌ಔಟ್ ಬೈ ಇಲೆವೆನ್" ಅಂದ್ರೆ ಹನ್ನೊಂದರೊಳಗೆ ಯಾವಾಗ್ಲಾದ್ರೂ ರೂಮ್ ಖಾಲಿ ಮಾಡಿ ಅಂತ.

ಇದೇ 'ಒಳಗೆ' ಇನ್ನೊಂದು ಕಡೆನೂ ಸಿಕ್ಕಾಕ್ಸುತ್ತೆ. ಐದು ಗಂಟೆಯೊಳಗೆ ಬಾ, ಐದು ನಿಮಿಷದೊಳಗೆ ಬಾ. ಕನ್ನಡಕ್ಕೆ ಎರಡೂ ಒಂದೇ ಒಳಗೆ. ಇಂಗ್ಲಿಷಲ್ಲಿ ಗಡಿಯಾರದ ಮುಳ್ಳು ತೋರಿಸೋ ಹೊತ್ತಿಗೆ ಬೈ, ಇಷ್ಟು ನಿಮಿಷ ಇಷ್ಟು ದಿನ ಅಂತ ಉದ್ದ ಅಳೆಯೋಕೆ ವಿದಿನ್. "ಕಮ್ ವಿದಿನ್ ಫೈವ್ ಓ ಕ್ಲಾಕ್" ಅಂತ ಬ್ಯಾಂಕಿಂದ ಹಿಡಿದು ಕಾಲೇಜ್ ಆಫೀಸ್ ನೋಟಿಸ್ ತನಕ ಎಲ್ಲಾ ಕಡೆ ಕೇಳಿಸುತ್ತೆ, ಕಾಣಿಸುತ್ತೆ. ನಮ್ಮವರಿಗೆ ಅರ್ಥ ಆಗುತ್ತೆ, ಹೊರಗಿನೋರು ಒಂದು ಕ್ಷಣ ತಡವರಿಸ್ತಾರೆ, ಅಷ್ಟೆ.

ರಜದ ಮೆಸೇಜ್ ಒಂದು ದೊಡ್ಡ ತಲೆನೋವು. "ಐ ಆಮ್ ಆನ್ ಲೀವ್ ಅನ್‌ಟಿಲ್ ಫ್ರೈಡೇ" ಅಂದ್ರೆ ಶುಕ್ರವಾರ ಆಫೀಸಿಗೆ ಬರ್ತಾನಾ ಇಲ್ವಾ? ಇದು ನಮ್ಮ ಕನ್ನಡದ ತೊಂದ್ರೆ ಅಲ್ಲ, ಇಂಗ್ಲಿಷ್‌ನೋರೇ ಈ ವಿಷಯಕ್ಕೆ ತಕರಾರು ಮಾಡ್ಕೋತಾರೆ. ಅಮೆರಿಕದೋರು ಅದಕ್ಕೇ ಥ್ರೂ ಹಾಕ್ತಾರೆ, "ಮಂಡೇ ಥ್ರೂ ಫ್ರೈಡೇ" ಅಂದ್ರೆ ಶುಕ್ರವಾರನೂ ಸೇರ್ಕೊಂಡೇ. ನಾನು ಕ್ಲಾಸಲ್ಲಿ ಹೇಳೋದು, ಯಾಕೆ ತಲೆಬಿಸಿ, ವಾಪಸ್ ಬರೋ ದಿನ ಬರೀರಿ. "ಐ ವಿಲ್ ಬಿ ಬ್ಯಾಕ್ ಆನ್ ಮಂಡೇ." ಮುಗೀತು, ಯಾರೂ ಫೋನ್ ಮಾಡಿ ಕೇಳಲ್ಲ.

ಈಗ 'ಇಂದ'. ಇದು ಇಂಟರ್‌ವ್ಯೂಗೆ ಹೋಗೋರಿಗೆಲ್ಲ ಬೇಕಾದ್ದು. "2015ರಿಂದ ಇಲ್ಲಿ ಕೆಲಸ ಮಾಡ್ತಿದೀನಿ", "ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದೀನಿ". ನೋಡಿ ಎರಡಕ್ಕೂ ಇಂದ, ಎರಡಕ್ಕೂ ಮಾಡ್ತಿದೀನಿ. ಇದನ್ನ ಹಂಗೇ ಎತ್ತಿ ಇಂಗ್ಲಿಷಿಗೆ ಹಾಕಿದ್ರೆ "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್" ಆಗುತ್ತೆ, ಅದರಲ್ಲಿ ಒಂದಲ್ಲ ಎರಡು ತಪ್ಪು. ಸಿನ್ಸ್ ಬರ್ಬೇಕಂದ್ರೆ ಕ್ಯಾಲೆಂಡರಲ್ಲಿ ಬೆರಳಿಟ್ಟು ತೋರಿಸೋಂಥ ಶುರು ಇರ್ಬೇಕು, 2015, ಯುಗಾದಿ, ಮದುವೆ ಆದ ದಿನ, ನಿನ್ನೆ ಬೆಳಿಗ್ಗೆ. ಎಷ್ಟು ಕಾಲ ಅಂತ ಒಟ್ಟು ಅಳತೆ ಹೇಳ್ತಿದ್ರೆ ಫಾರ್. ಚಿಕ್ಕಮಗಳೂರಿಗೆ ರೈಲು 2013ರಿಂದ ಓಡ್ತಿದೆ, ಅದು ಸಿನ್ಸ್. ಹತ್ತು ವರ್ಷಕ್ಕಿಂತ ಜಾಸ್ತಿ ದಿನದಿಂದ ಓಡ್ತಿದೆ ಅಂದ್ರೆ ಫಾರ್. ಬೇಲೂರು ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡ್ಸಿದ್ದು, ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ. "ಇಟ್ ಹ್ಯಾಸ್ ಸ್ಟುಡ್ ಹಿಯರ್ ಸಿನ್ಸ್ 1117", ಅದನ್ನೇ "ಇಟ್ ಹ್ಯಾಸ್ ಸ್ಟುಡ್ ಹಿಯರ್ ಫಾರ್ ಮೋರ್ ದ್ಯಾನ್ ನೈನ್ ಹಂಡ್ರೆಡ್ ಇಯರ್ಸ್". ಎರಡರಲ್ಲೂ ಹ್ಯಾಸ್ ಬಂದಿರೋದು ಗಮನಿಸಿ, ಅದೇ ಎರಡನೇ ತಪ್ಪಿಗೆ ಮದ್ದು. ಆಗ ಶುರುವಾಗಿ ಈಗ್ಲೂ ನಡೀತಿರೋದಕ್ಕೆ ಇಂಗ್ಲಿಷ್ ಹ್ಯಾವೂ ಹ್ಯಾಸೂ ಕೇಳುತ್ತೆ, ನಮ್ಮ ಥರ ಬರೀ ಮಾಡ್ತಿದೀನಿ ಅಂದ್ರೆ ಸಾಕಾಗಲ್ಲ. ಪ್ರಿಪೊಸಿಷನ್, ಅಂದ್ರೆ ಈ ಇನ್ ಆನ್ ಸಿನ್ಸ್ ಫಾರ್ ಥರದ ಪದ, ಸರಿ ಮಾಡ್ಕೊಂಡು ಕ್ರಿಯಾಪದ ಹಂಗೇ ಬಿಟ್ರೆ ಅರ್ಧ ರಿಪೇರಿ ಆದಂಗೆ. ಬ್ಯಾಂಕ್ ಎಕ್ಸಾಮ್, ಕೇಂದ್ರ ಸರ್ಕಾರದ ಕೆಲಸಕ್ಕೆ ಅಂತ ಎಸ್‌ಎಸ್‌ಸಿ ಎಕ್ಸಾಮ್ ಬರೆಯೋರಿಗೆ ಹೇಳ್ತಿದೀನಿ, ತಪ್ಪು ಹುಡುಕೋ ಪ್ರಶ್ನೆಗಳಲ್ಲಿ ಈ ಸಿನ್ಸ್ ಫಾರ್ ಜೋಡಿಯನ್ನ ಮೊದಲು ನೋಡ್ಕೊಳಿ.

ಹಿಂದೆ ಅನ್ನೋದನ್ನ ಬಿಫೋರ್ ಮಾಡೋದು ಇನ್ನೊಂದು. ಎರಡು ವರ್ಷದ ಹಿಂದೆ ಅಂದ್ರೆ "ಟೂ ಇಯರ್ಸ್ ಅಗೋ", ಅಗೋ ಕೊನೆಗೆ ಬರುತ್ತೆ, ನಮ್ಮ ಪ್ರತ್ಯಯದ ಥರಾನೇ, ಅದಕ್ಕೆ ನಮಗೆ ಸುಲಭ ಆಗ್ಬೇಕಿತ್ತು, ಆದ್ರೂ "ಬಿಫೋರ್ ಟೂ ಇಯರ್ಸ್" ಅನ್ನೋದು ಬಿಡಲ್ಲ. ಹತ್ತು ನಿಮಿಷ ಬಿಟ್ಟು ಬರ್ತೀನಿ ಅಂದ್ರೆ "ಇನ್ ಟೆನ್ ಮಿನಿಟ್ಸ್". ಆಫ್ಟರ್ ಟೆನ್ ಮಿನಿಟ್ಸ್ ಅಂದ್ರೂ ಜೀವ ಹೋಗಲ್ಲ. ಆನ್ ಟೈಮ್, ಇನ್ ಟೈಮ್ ಎರಡಕ್ಕೂ ಮಾತ್ರ ವ್ಯತ್ಯಾಸ ಇದೆ. ಬಸ್ ಬೋರ್ಡಲ್ಲಿ ಹಾಕಿದ್ದ ಟೈಮಿಗೇ ಬಂತು ಅಂದ್ರೆ ಆನ್ ಟೈಮ್, ಬಸ್ ಹೊರಡೋಕೆ ಇನ್ನೇನು ಅನ್ನೋಷ್ಟರಲ್ಲಿ ಓಡಿ ಬಂದು ಹತ್ತಿದ್ರೆ ಇನ್ ಟೈಮ್.

ಸರಿ, ಎಲ್ರೂ ಕೇಳೋ ಇನ್ ಆನ್ ಆ್ಯಟಿಗೆ ಬರೋಣ. ಟೈಮ್ ವಿಷಯದಲ್ಲಿ ನಾನು ಹಾಸನಾಂಬೆ ಇಟ್ಕೊಂಡೇ ಹೇಳ್ಕೊಡ್ತೀನಿ, ಹಾಸನದ ಮಕ್ಕಳಿಗೆ ಅದು ಮರೆಯಲ್ಲ. ಅಮ್ಮನ ಬಾಗಿಲು ವರ್ಷಕ್ಕೊಂದು ಸಲ, ಆಶ್ವಯುಜ ಹುಣ್ಣಿಮೆ ಆದ್ಮೇಲೆ ಬರೋ ಮೊದಲನೇ ಗುರುವಾರ ತೆಗೀತಾರೆ. ತಿಂಗಳು ಹೇಳಿದ್ರೆ ಇನ್, "ಇನ್ ಅಕ್ಟೋಬರ್". ದಿನ ಹೇಳಿದ್ರೆ ಆನ್, "ಆನ್ ಎ ಥರ್ಸ್‌ಡೇ". ಕ್ಯೂ ನಿಲ್ಲೋ ಗಂಟೆ ಹೇಳಿದ್ರೆ ಆ್ಯಟ್, "ಆ್ಯಟ್ ಫೋರ್ ಓ ಕ್ಲಾಕ್". ಇಷ್ಟು ಎಲ್ರಿಗೂ ಗೊತ್ತು. ಎಡವಟ್ಟಾಗೋದು ಬೆಳಿಗ್ಗೆ ರಾತ್ರಿ ಹತ್ರ. ಕನ್ನಡದಲ್ಲಿ ಸೋಮವಾರ ಬರ್ತೀನಿ, ಬೆಳಿಗ್ಗೆ ಬರ್ತೀನಿ, ರಾತ್ರಿ ಬರ್ತೀನಿ, ಯಾವುದಕ್ಕೂ ಬಾಲ ಇಲ್ಲ. ಇಂಗ್ಲಿಷಲ್ಲಿ "ಇನ್ ದ ಮಾರ್ನಿಂಗ್", "ಇನ್ ದ ಈವ್ನಿಂಗ್", ಆದ್ರೆ "ಆ್ಯಟ್ ನೈಟ್". ರಾತ್ರಿಗೆ ಯಾಕೆ ಬೇರೆ ಅಂತ ಕೇಳ್ಬೇಡಿ, ಅದು ಹಂಗೆ ರೂಢಿ ಆಗ್ಬಿಟ್ಟಿದೆ, ನೆನಪಿಟ್ಕೊಳಿ ಅಷ್ಟೇ. ಬೆಳಿಗ್ಗೆ ಅನ್ನೋದಕ್ಕೆ ವಾರ ಅಂಟ್ಕೊಂಡ್ರೆ ವಾರಾನೇ ಯಜಮಾನ, "ಆನ್ ಥರ್ಸ್‌ಡೇ ಮಾರ್ನಿಂಗ್", ಅಲ್ಲಿ ಇನ್ ಕೆಲಸ ಮಾಡಲ್ಲ. ಹೊಯ್ಸಳರ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದ್ದು 2023ರ ಸೆಪ್ಟೆಂಬರ್ 18, ಸೋಮವಾರ. "ಇನ್ 2023" ಅನ್ನಿ, "ಇನ್ ಸೆಪ್ಟೆಂಬರ್ 2023" ಅನ್ನಿ, ತಾರೀಕು ಬಂದ ತಕ್ಷಣ "ಆನ್ 18 ಸೆಪ್ಟೆಂಬರ್ 2023", ಆ ವರ್ಷ ಅಲ್ಲೇ ಕೂತಿದ್ರೂ ಇನ್ ಬರಂಗಿಲ್ಲ.

ಚೆನ್ನಾಗಿ ಓದೋ ಮಕ್ಕಳು ಮಾಡೋ ತಪ್ಪು ಒಂದಿದೆ. ವಾರಕ್ಕೆ ಆನ್ ಅಂತ ಬಾಯಿಪಾಠ ಮಾಡಿರ್ತಾರಲ್ಲ, ಅದಕ್ಕೆ "ಆನ್ ನೆಕ್ಸ್ಟ್ ಮಂಡೇ", "ಇನ್ ಲಾಸ್ಟ್ ಇಯರ್", "ಆನ್ ಎವ್ರಿ ಸಂಡೇ" ಅಂತಾರೆ. ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಬಂದ್ರೆ ಪ್ರಿಪೊಸಿಷನ್ ಬೇಡ. ಇಲ್ಲಿ ಲಿಸ್ಟ್ ಓದದೇ ಇರೋನೇ ಗೆಲ್ತಾನೆ, ಮುಂದಿನ ಸೋಮವಾರ ಬರ್ತೀನಿ ಅಂತ ಕನ್ನಡದಲ್ಲಿ ಹೆಂಗೆ ಬೋಳಾಗಿ ಹೇಳ್ತೀವೋ ಹಂಗೇ ಹೇಳಿದ್ರೆ ಸರಿ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ "ಎವ್ರಿ ಟ್ವೆಲ್ವ್ ಇಯರ್ಸ್" ನಡೆಯುತ್ತೆ, ಹಿಂದಿನದು ಆಗಿದ್ದು "ಇನ್ ಫೆಬ್ರವರಿ 2018". ವೀಕೆಂಡಿಗೆ ಬ್ರಿಟಿಷ್‌ನೋರು ಆ್ಯಟ್ ಅಂತಾರೆ ಅಮೆರಿಕದೋರು ಆನ್ ಅಂತಾರೆ, ನಿಮಗೆ ಯಾವ್ದು ಇಷ್ಟವೋ ಅದನ್ನ ಹಾಕಿ.

ಜಾಗಕ್ಕೆ ಬಂದ್ರೆ ಶ್ರವಣಬೆಳಗೊಳನೇ ಮುಂದುವರಿಸ್ತೀನಿ, ಮೂರೂ ಒಂದೇ ವಾಕ್ಯದಲ್ಲಿ ಸಿಗುತ್ತೆ. ಗೊಮ್ಮಟ ಎಲ್ಲಿದಾನೆ? ಹಾಸನ ಜಿಲ್ಲೇಲಿ, ಶ್ರವಣಬೆಳಗೊಳದಲ್ಲಿ, ವಿಂಧ್ಯಗಿರಿಯಲ್ಲಿ. ಎಲ್ಲಾ ಅಲ್ಲಿ, ಅಲ್ಲಿ, ಅಲ್ಲಿ. ಇಂಗ್ಲಿಷಲ್ಲಿ "ಆನ್ ವಿಂಧ್ಯಗಿರಿ ಹಿಲ್, ಆ್ಯಟ್ ಶ್ರವಣಬೆಳಗೊಳ, ಇನ್ ಹಾಸನ್ ಡಿಸ್ಟ್ರಿಕ್ಟ್". ಬೆಟ್ಟದ ಮೇಲೆ ನಿಂತಿದಾನೆ, ಅದಕ್ಕೆ ಆನ್. ಜಿಲ್ಲೆಗೆ ಗಡಿ ಇದೆ, ಅದರೊಳಗಿದಾನೆ, ಅದಕ್ಕೆ ಇನ್. ಊರನ್ನ ಮ್ಯಾಪಲ್ಲಿ ಒಂದು ಚುಕ್ಕೆ ಥರ ನೋಡಿದ್ರೆ ಆ್ಯಟ್. ಅದೇ ಊರೊಳಗೆ ಮನೆ ಮಾಡ್ಕೊಂಡು ಇರೋರು "ಐ ಲಿವ್ ಇನ್ ಶ್ರವಣಬೆಳಗೊಳ" ಅಂತಾರೆ, ಅವರಿಗೆ ಅದು ಚುಕ್ಕೆ ಅಲ್ವಲ್ಲ. ಹಳೇ ಗ್ರಾಮರ್ ಪುಸ್ತಕಗಳಲ್ಲಿ ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಆ್ಯಟ್ ಅಂತ ಒಂದು ರೂಲ್ ಇತ್ತು, ಅದನ್ನ ಓದ್ಕೊಂಡು ಬಂದ ಹುಡುಗ ಒಬ್ಬ "ಸರ್ ಹಾಸನ ದೊಡ್ಡದಾ ಸಣ್ಣದಾ" ಅಂತ ಕೇಳಿ ಕ್ಲಾಸಲ್ಲಿ ಅರ್ಧ ಗಂಟೆ ಜಗಳ ಆಯ್ತು, ಚಿಕ್ಕಮಗಳೂರಿನೋರು ಇಬ್ರಿದ್ರು, ಬಿಡಿ ಆ ಕಥೆ. ಊರಿನ ಸೈಜ್ ಮುಖ್ಯ ಅಲ್ಲ. ಇಸ್ರೋದೋರು ಉಪಗ್ರಹ ನೋಡ್ಕೊಳೋ ತಮ್ಮ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿನ "ಆ್ಯಟ್ ಹಾಸನ್" ಅಂತಾರೆ. ಹಾಸನ ಸಣ್ಣದು ಅಂತ ಅಲ್ಲ ಅದು, ಅವರ ಲೆಕ್ಕದಲ್ಲಿ ಅದೊಂದು ಕೇಂದ್ರ, ಒಂದು ಪಾಯಿಂಟು.

ಈ ಅಲ್ಲಿ ನಿಜವಾಗ್ಲೂ ಏಟು ಕೊಡೋದು ಆಸ್ಪತ್ರೆ ವಿಷಯದಲ್ಲಿ. ನಮ್ಮ ಹಳೇ ಸ್ಟೂಡೆಂಟ್ ಒಬ್ಬ, ಬೆಂಗಳೂರಲ್ಲಿ ಕೆಲಸ, ಅಜ್ಜಿ ಕಣ್ಣು ತೋರಿಸಕ್ಕೆ ಅಂತ ಹಾಸನಕ್ಕೆ ಬಂದಿದ್ದ. ಮ್ಯಾನೇಜರಿಗೆ "ಐ ಆಮ್ ಇನ್ ಹಾಸ್ಪಿಟಲ್, ವಿಲ್ ಕಾಲ್ ಲೇಟರ್" ಅಂತ ಮೆಸೇಜ್ ಹಾಕಿ ಫೋನ್ ಸೈಲೆಂಟ್ ಮಾಡಿ ಕೂತ. ಹೊರಗೆ ಬಂದು ನೋಡಿದ್ರೆ ಮಿಸ್ಡ್ ಕಾಲ್‌ಗಳ ಸಾಲು, ಏನಾಯ್ತು, ಆ್ಯಕ್ಸಿಡೆಂಟಾ, ಯಾವ ವಾರ್ಡು, ಇನ್ಶೂರೆನ್ಸ್ ಕಾರ್ಡ್ ಕಳಿಸ್ಲಾ ಅಂತ. ಇನ್ ಹಾಸ್ಪಿಟಲ್ ಅಂದ್ರೆ ಅಡ್ಮಿಟ್ ಆಗಿದೀನಿ ಅಂತ ಅರ್ಥ, ಅಮೆರಿಕದೋರು ನಡುವೆ ದ ಸೇರಿಸ್ತಾರೆ, ಅರ್ಥ ಅದೇ. ಯಾರನ್ನೋ ಕರ್ಕೊಂಡು ಬಂದಿದ್ರೆ, ನೋಡಕ್ಕೆ ಬಂದಿದ್ರೆ, "ಆ್ಯಟ್ ದ ಹಾಸ್ಪಿಟಲ್". ಆಸ್ಪತ್ರೇಲಿದೀನಿ ಅಂತ ಕನ್ನಡದಲ್ಲಿ ಹೇಳಿದ್ರೂ ಅಮ್ಮಂದಿರು ಗಾಬರಿ ಆಗ್ತಾರೆ ಅನ್ನೋದು ಬೇರೆ ಮಾತು, ಆದ್ರೆ ಅಲ್ಲಿ "ಯಾರಿಗೆ?" ಅಂತ ಮೊದಲು ಕೇಳ್ತಾರೆ. ದಾರೀಲಿದೀನಿ ಅನ್ನೋದೂ ಹಿಂಗೇ, "ಆನ್ ದ ವೇ" ಅಂದ್ರೆ ಬರ್ತಿದೀನಿ, "ಇನ್ ದ ವೇ" ಅಂದ್ರೆ ಅಡ್ಡ ನಿಂತಿದೀನಿ.

ಬಸ್ಸಿಗೆ ಆನ್ ಯಾಕೆ ಅಂತ ಕೇಳದೇ ಇರೋರು ಇಲ್ಲ, ಟಾಪ್ ಮೇಲೆ ಕೂತ್ಕೋಬೇಕಾ ಸರ್ ಅಂತ ಪ್ರತಿ ಬ್ಯಾಚಲ್ಲೂ ಒಬ್ಬ ಜೋಕ್ ಹೊಡೀತಾನೆ. ಹತ್ತಿ, ಒಳಗೆ ನಿಂತು ಓಡಾಡೋಷ್ಟು ಜಾಗ ಇರೋ ಗಾಡಿಗೆ ಆನ್, ಬಸ್ಸು, ರೈಲು, ವಿಮಾನ. ತಲೆ ಬಗ್ಗಿಸಿ ತೂರ್ಕೊಂಡು ಕೂತ್ಕೊಳೋ ಗಾಡಿಗೆ ಇನ್, ಕಾರು, ಆಟೋ, ಜೀಪು. ಬೈಕಿಗೆ ಮತ್ತೆ ಆನ್, ಅದರ ಮೇಲೇ ತಾನೇ ಕೂರೋದು. ನಮ್ಮ ಕಡೆಯೋರಿಗೆ ಇನ್ನೊಂದು, ಕಾಫಿ ತೋಟದಲ್ಲಿ ಅನ್ನೋದಕ್ಕೆ ಇಂಗ್ಲಿಷಲ್ಲಿ "ಆನ್ ದ ಎಸ್ಟೇಟ್" ಅಂತಾರೆ. ಮನೆ ಮುಂದಿನ ಹೂವಿನ ತೋಟ ಆದ್ರೆ "ಇನ್ ದ ಗಾರ್ಡನ್", ಗದ್ದೆ ಆದ್ರೆ "ಇನ್ ದ ಫೀಲ್ಡ್", ಎಸ್ಟೇಟು ಫಾರ್ಮು ಪ್ಲಾಂಟೇಷನ್ ಬಂದ್ರೆ ಆನ್. ಭಾವಂಗೆ ಇದು ಹೇಳಿದ್ರೆ "ತೋಟದ ಮೇಲೆ ನಾನೇನು ಹಕ್ಕೀನಾ" ಅಂದ್ರು.

ದಾರಿ ಹೇಳೋದ್ರಲ್ಲಿ ಮಾತ್ರ ತಪ್ಪಿದ್ರೆ ಪೆಟ್ರೋಲ್ ಖರ್ಚಾಗುತ್ತೆ. ಅಕ್ಕನ ಮನೆ ಕಡೆ ನೆಟ್‌ವರ್ಕ್ ಇದ್ರೆ ಉಂಟು ಇಲ್ದಿದ್ರೆ ಇಲ್ಲ, ಮ್ಯಾಪ್ ಅರ್ಧದಲ್ಲಿ ಕೈಕೊಡುತ್ತೆ, ಹಾಗಾಗಿ ಬರೆದು ಕಳಿಸಿದ ದಾರಿನೇ ಗತಿ. ಅವಳು ಬರೆದಿದ್ದು ಹಿಂಗಿತ್ತು. "ಟೇಕ್ ಲೆಫ್ಟ್ ಇನ್ ಫ್ರಂಟ್ ಆಫ್ ಸ್ಕೂಲ್, ದೆನ್ ಗೋ ಫ್ರಂಟ್, ಅವರ್ ಗೇಟ್ ಈಸ್ ಇನ್ ಫ್ರಂಟ್ ಆಫ್ ಟೆಂಪಲ್." ನಮಗೆ ಓದಿದ ತಕ್ಷಣ ದಾರಿ ಕಣ್ಣಿಗೆ ಕಟ್ಟುತ್ತೆ, ಯಾಕಂದ್ರೆ ನಾವು ಅದನ್ನ ಮನಸ್ಸಲ್ಲೇ ಕನ್ನಡ ಮಾಡ್ಕೋತೀವಿ. ಸ್ಕೂಲಿಂದ ಮುಂದೆ ಎಡಕ್ಕೆ, ಹಂಗೇ ಮುಂದೆ ಹೋಗಿ, ದೇವಸ್ಥಾನದ ಎದುರು ಗೇಟು. ಕನ್ನಡ ಗೊತ್ತಿಲ್ದೇ ಇರೋ ಒಬ್ಬ ಗೆಸ್ಟ್ ಏನ್ ಮಾಡಿದ ಗೊತ್ತಾ, ಸ್ಕೂಲಿನ ಮುಂಭಾಗದಲ್ಲೇ, ಕಾಂಪೌಂಡ್ ಪಕ್ಕದ ಮಣ್ಣು ರಸ್ತೆಗೆ ಎಡಕ್ಕೆ ತಿರುಗಿಸಿದ. ಅದು ಬೇರೆಯವರ ತೋಟದ ದಾರಿ. ಹಣ್ಣು ಕುಯ್ಯೋ ಸೀಸನ್ನು, ನೆಟ್ಟಗೆ ಹೋಗಿ ಕಾಫಿ ಒಣಗಾಕಿದ್ದ ಕಣದ ಅಂಚಿಗೆ ಬ್ರೇಕ್ ಹಾಕಿದಾನೆ, ಮುಂದಿನ ಚಕ್ರ ಒಂದು ಕಾಫಿ ಮೇಲೆ. ನಾಯಿಗಳು ಸುತ್ತಾಕ್ಕೊಂಡಿವೆ, ಗ್ಲಾಸ್ ಇಳಿಸಕ್ಕೂ ಭಯ. ಕೊನೆಗೆ ಆ ತೋಟದ ಲೆಕ್ಕ ಬರೆಯೋ ರೈಟರ್ ಬಂದು, ನಾಯಿ ಓಡಿಸಿ, ರಿವರ್ಸ್ ಹಾಕ್ಸಿ, ಬೈಕಲ್ಲಿ ಮುಂದೆ ಮುಂದೆ ಹೋಗಿ ಅಕ್ಕನ ಗೇಟಿನ ತನಕ ಬಿಟ್ಟು ಹೋದ್ರಂತೆ.

ಮುಂದೆ ಅನ್ನೋದಕ್ಕೆ ನಮ್ಮಲ್ಲಿ ಎರಡು ಅರ್ಥ, ಮನೆ ಮುಂದೆ ಅಂದ್ರೆ ಮುಂಬಾಗಿಲ ಹತ್ರ, ಮನೆಯಿಂದ ಮುಂದೆ ಅಂದ್ರೆ ದಾಟಿ ಆಚೆ. ದಾಟಿ ಹೋಗೋದಕ್ಕೆ ಇಂಗ್ಲಿಷಲ್ಲಿ ಪಾಸ್ಟ್. ಎದುರು ಅನ್ನೋದಕ್ಕೂ ಎರಡು, ರಸ್ತೆಯ ಈ ಕಡೆನೇ ಕಟ್ಟಡದ ಮುಂದೆ ಇದ್ರೆ ಇನ್ ಫ್ರಂಟ್ ಆಫ್, ರಸ್ತೆ ದಾಟಿ ಆಚೆ ಬದಿಗೆ ಮುಖಾಮುಖಿ ಇದ್ರೆ ಆಪೋಸಿಟ್. ಮತ್ತೆ ಈ ಥರ ಜಾಗ ತೋರಿಸುವಾಗ ಆಪೋಸಿಟ್ ಆದ್ಮೇಲೆ ಟು ಹಾಕೋದು ಬೇಡ, "ಆಪೋಸಿಟ್ ದ ಟೆಂಪಲ್" ಸಾಕು. ಮೇಲೆ ಅನ್ನೋದೂ ಹಂಗೇ, ನನ್ನ ಕ್ಲಾಸ್ ಅಂಗಡಿ ಮೇಲೆ ಇದೆ ಅಂದ್ರೆ "ಅಬೋವ್ ದ ಶಾಪ್", "ಆನ್ ದ ಶಾಪ್" ಅಂದ್ರೆ ನಾವೆಲ್ಲ ಛಾವಣಿ ಮೇಲೆ ಚಾಪೆ ಹಾಸ್ಕೊಂಡು ಕೂತಂಗೆ. ಕೊನೆಗೆ ಅಕ್ಕನ ಮೆಸೇಜ್ ಹಿಂಗಾಯ್ತು. "ಗೋ ಪಾಸ್ಟ್ ದ ಸ್ಕೂಲ್, ಟೇಕ್ ದ ಫಸ್ಟ್ ಲೆಫ್ಟ್ ಆಫ್ಟರ್ ಇಟ್, ಗೋ ಸ್ಟ್ರೇಟ್, ಅವರ್ ಗೇಟ್ ಈಸ್ ಆಪೋಸಿಟ್ ದ ಟೆಂಪಲ್."

ಪ್ರಿಪೊಸಿಷನ್ನೇ ಬೇಡದ ಕಡೆ ಹಾಕೋದು ನಮಗೆ ಸ್ವಲ್ಪ ಜಾಸ್ತಿ. "ರೀಚ್ಡ್ ಟು ಹಾಸನ್" ಬೇಡ, ಹಾಸನ ತಲುಪಿದೆ ಅಂತೀವಲ್ಲ, ಹಂಗೇ "ರೀಚ್ಡ್ ಹಾಸನ್". ಅರೈವ್ ಅಂತ ಹಾಕಿದ್ರೆ ಮಾತ್ರ ಊರಿಗೆ ಇನ್, ಬಸ್‌ಸ್ಟ್ಯಾಂಡಿಗೆ ಆ್ಯಟ್. ಮನೆಗೆ ಹೋದೆ ಅಂದ್ರೆ "ವೆಂಟ್ ಹೋಮ್", ಟು ಇಲ್ಲ. "ಡಿಸ್ಕಸ್ ಅಬೌಟ್" ನಮ್ಮ 'ಬಗ್ಗೆ' ಇಂದ ಬಂದಿದ್ದು, ಬರೀ ಡಿಸ್ಕಸ್ ಸಾಕು. "ಆ್ಯಂಗ್ರಿ ಆನ್ ಮಿ" ನಮ್ಮ 'ನನ್ನ ಮೇಲೆ ಸಿಟ್ಟು', ಅದು "ಆ್ಯಂಗ್ರಿ ವಿತ್ ಮಿ". "ಮ್ಯಾರಿಡ್ ವಿತ್" ನಮ್ಮ 'ಅವರ ಜೊತೆ ಮದುವೆ' ಇಂದ ಬಂದಿದ್ದು, ಇಂಗ್ಲಿಷಿಗೆ "ಮ್ಯಾರಿಡ್ ಟು". ಎಕ್ಸಾಮಿಗೆ ಇವೆಲ್ಲ ಬೇಕು, ಮಾರ್ಕ್ಸ್ ಹೋಗುತ್ತೆ. ಮಾತಾಡುವಾಗ ಇವಕ್ಕೆ ಹೆದರ್ಕೊಂಡು ಬಾಯಿ ಮುಚ್ಕೊಳೋ ಅಗತ್ಯ ಇಲ್ಲ. ಇವಕ್ಕೆಲ್ಲ ಕ್ಲಾಸಲ್ಲಿ ಯಾರನ್ನೂ ಅರ್ಧಕ್ಕೆ ತಡೆದು ತಿದ್ದಲ್ಲ ನಾನು. ಬೈ, ಅನ್‌ಟಿಲ್, ಆಪೋಸಿಟ್, ಇನ್ ಹಾಸ್ಪಿಟಲ್ ಬಂದ್ರೆ ಮಾತ್ರ ಅಲ್ಲೇ ನಿಲ್ಲಿಸ್ತೀನಿ.

ಮೊನ್ನೆ ಅಕ್ಕನ ಮನೆಗೆ ಹೋದಾಗ ಬಾತ್‌ರೂಮ್ ಬಾಗಿಲಿಗೆ ಹೊಸ ಬೋರ್ಡ್ ಅಂಟಿಸಿದ್ಲು, "ಹಾಟ್ ವಾಟರ್ ಇನ್ ಮಾರ್ನಿಂಗ್ ಆ್ಯಂಡ್ ಇನ್ ನೈಟ್". ನಾನು ನಿಂತು ಓದ್ತಿರೋದು ನೋಡಿ "ಯಾಕೋ, ಅದೂ ತಪ್ಪಾ?" ಅಂದ್ಲು. ತಪ್ಪೇ, ಆದ್ರೆ ಇರ್ಲಿ ಬಿಡು ಅಂದೆ, ಬಿಸಿನೀರು ಯಾವಾಗ ಅಂತ ಎಲ್ರಿಗೂ ಗೊತ್ತಾಗುತ್ತೆ. "ಹೂಂ, ಬಿಡ್ದೇ ಇನ್ನೇನು, ಲ್ಯಾಮಿನೇಷನ್ ಮಾಡ್ಸಿ ಆಯ್ತು" ಅಂತ ಕಾಫಿ ಲೋಟ ಕೈಗೆ ಕೊಟ್ಲು.